ಗಂಟು ಬಿಚ್ಚಿದ್ದು ಯಾರು?

“ಗೂಟ ಇದೆ, ದೋಣಿ ಇಲ್ಲ!”

ಬೆಳಗ್ಗೆ ಮೀನುಗಾರ ಕೊಂಬೊ ಕೂಗಿದ್ದು ಕೇಳಿ ಲಾಮು ದ್ವೀಪದ ಆ ಪುಟ್ಟ ಹಳ್ಳಿಯ ಜನವೆಲ್ಲ ದಡಕ್ಕೆ ಓಡಿಬಂದರು. ಹತ್ತು ವರ್ಷದ ಸೌಮು ಎಲ್ಲರ ಹಿಂದೆ ನಿಂತಳು. ಮುಂದೆ ಹೋಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ದೋಣಿ ಪಕ್ಕದ ಮನೆಯ ಅಥುಮಾನಿ ಅಜ್ಜನದು. ಅಜ್ಜ ಬರಿಯ ಗೂಟವನ್ನು ಮುಟ್ಟಿ ಮುಟ್ಟಿ ನೋಡಿದ.

“ರಾತ್ರಿ ಗಾಳಿ ಜೋರಿತ್ತಲ್ಲ ಅಜ್ಜ,” ಎಂದ ಕೊಂಬೊ. “ಉಬ್ಬರದ ನೀರು ಹಿನ್ನೀರಿನ ಕಡೆ ತಳ್ಳಿರುತ್ತೆ. ಬಾ, ನನ್ನ ದೋಣೀಲಿ ಹೋಗಿ ನೋಡೋಣ.”

ಮಧ್ಯಾಹ್ನದವರೆಗೆ ಹುಡುಕಿದರು. ಸಿಗಲಿಲ್ಲ.

“ಐವತ್ತು ವರ್ಷದಲ್ಲಿ ನಾನು ಹಾಕಿದ ಗಂಟು ಒಂದು ಸಲಾನೂ ಬಿಚ್ಚಿಲ್ಲ,” ಎಂದ ಅಜ್ಜ, ಮರಳ ಮೇಲೆ ಕುಸಿದು ಕೂತು. “ಈಗ ಬಿಚ್ಚಿದೆ ಅಂದ್ರೆ ಮೇಲಿರೋನೇ ಬಿಚ್ಚಿರಬೇಕು. ದೇವರ ಇಚ್ಛೆ.”

“ದೇವರ ಇಚ್ಛೆ,” ಎಂದರು ಎಲ್ಲರೂ.

ಸೌಮುಗೆ ಹೋದ ಉಸಿರು ಬಂದಂತಾಯಿತು. ದೇವರೇ ಬಿಚ್ಚಿದ್ದರೆ ತನ್ನದೇನೂ ತಪ್ಪಿಲ್ಲವಲ್ಲ!

ನಿನ್ನೆ ಸಂಜೆ ಅವಳು ಆ ದೋಣಿಯ ಹಗ್ಗ ಬಿಚ್ಚಿ, ಒಳಗೆ ಕೂತು ಕ್ಯಾಪ್ಟನ್ ಆಟ ಆಡಿದ್ದಳು. ಮಸೀದಿಯ ಆಜಾನ್ ಕೇಳಿದ್ದೇ ತಡ, ಗೂಟಕ್ಕೆ ಹಗ್ಗ ಎರಡು ಸುತ್ತು ಸುತ್ತಿ ಮನೆಗೆ ಓಡಿದ್ದಳು. ಗಂಟು ಹಾಕಿದ್ದಳಾ? ಎಷ್ಟು ನೆನೆದರೂ ಬೆರಳುಗಳಿಗೆ ಆ ಗಂಟು ನೆನಪಾಗಲಿಲ್ಲ.

ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

“ಅಮ್ಮಾ, ಎಲ್ಲಾನೂ ದೇವರ ಇಚ್ಛೆನಾ?”

“ಹೂಂ ಮತ್ತೆ. ಅವನ ಅಪ್ಪಣೆ ಇಲ್ಲದೆ ಎಲೆನೂ ಅಲುಗಲ್ಲ,” ಎಂದಳು ಅಮ್ಮ, ತೆಂಗಿನಕಾಯಿ ತುರಿಯುತ್ತಾ.

“ಯಾರಾದ್ರೂ ತಪ್ಪು ಮಾಡಿದ್ರೆ? ಅದೂನಾ?”

“ಯಾಕೇ? ಏನು ಮಾಡಿದೀಯ?”

“ಏನಿಲ್ಲ. ಸುಮ್ನೆ ಕೇಳಿದೆ.”

ಅಷ್ಟರಲ್ಲಿ ಮೂಲೆಯಲ್ಲಿ ಡಬ್ಬ ಬಿದ್ದು ಸಕ್ಕರೆಯೆಲ್ಲ ಚೆಲ್ಲಿತು. ಡಬ್ಬದ ಪಕ್ಕದಲ್ಲಿ ತಮ್ಮ ಫೂಮೊ ನಿಂತಿದ್ದ.

“ನಾನಲ್ಲ! ದೇವರ ಇಚ್ಛೆ!”

“ದೇವರ ಇಚ್ಛೆನಾ? ಮತ್ತೆ ಸಕ್ಕರೆ ಯಾಕೋ ನಿನ್ನ ಗಲ್ಲಕ್ಕೆ ಅಂಟಿದೆ, ಕಳ್ಳ ನನ್ಮಗನೇ!”

ಅಮ್ಮ ಸೌಟು ಹಿಡಿದು ಅವನ ಹಿಂದೆ ಓಡಿದಳು. ಬೇರೆ ದಿನವಾಗಿದ್ದರೆ ಸೌಮು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಅವಳಿಗೆ ನಗು ಬರಲಿಲ್ಲ.

ಪಕ್ಕದ ಅಂಗಳದಲ್ಲಿ ಮಾತು ಕೇಳಿಸಿತು. ಸೌಮು ಬೇಲಿಯ ಸಂದಿಯಿಂದ ಇಣುಕಿದಳು. ಅಥುಮಾನಿ ಅಜ್ಜ ತನ್ನ ದೊಡ್ಡ ಬಲೆಯನ್ನು ಮಡಚಿ ಕೊಂಬೊನ ಹೆಗಲಿಗೆ ಹಾಕುತ್ತಿದ್ದ.

“ತಗೊಂಡು ಹೋಗಪ್ಪ. ನನಗಿನ್ನು ಬೇಡ.”

“ದುಡುಕಬೇಡ ಅಜ್ಜ. ಹೊಸ ದೋಣಿ ಮಾಡಿಸಿದ್ರಾಯ್ತು.”

“ಸಮುದ್ರ ಸಾಕು ಅಂತ ಅವನೇ ಹೇಳ್ತಿರುವಾಗ ಹೊಸ ದೋಣಿ ಯಾಕೆ?” ಅಜ್ಜ ಬಲೆಯ ಅಂಚನ್ನು ಸರಿಪಡಿಸಿದ. “ಸಾಯೋ ಮುಂಚೆ ನನ್ನ ತಮ್ಮ ಮಾತಾಡಿಸೋಕೆ ಬಂದಿದ್ದ. ನಾನು ಬಾಗಿಲು ತೆಗೀಲಿಲ್ಲ. ಅದನ್ನ ದೇವರು ಮರೆತಿಲ್ಲ, ನೋಡು. ಅದಕ್ಕೇ ಈ ಶಿಕ್ಷೆ.”

ಸೌಮುಗೆ ತಡೆಯಲಾಗಲಿಲ್ಲ. ಬೇಲಿ ಹಾರಿದಳು. ಗೌನು ಮುಳ್ಳಿಗೆ ಸಿಕ್ಕಿ ಹರಿಯಿತು.

“ದೇವರಲ್ಲ ಅಜ್ಜ! ನಾನು!”

“ಏನು ನೀನು?”

“ಗಂಟು… ಬಿಚ್ಚಿದ್ದು ನಾನು. ಕ್ಯಾಪ್ಟನ್ ಆಟ ಆಡಿ ಆಮೇಲೆ ಸರಿಯಾಗಿ ಕಟ್ಟಲಿಲ್ಲ. ದೇವರಿಗೆ ನಿನ್ನ ಮೇಲೆ ಕೋಪ ಇಲ್ಲ ಅಜ್ಜ.”

“ಅಯ್ಯೋ ಪಾಪಿ!” ಕೊಂಬೊ ಗುಡುಗಿದ. “ಬೆಳಗ್ಗೆಯಿಂದ ನಮ್ಮನ್ನ ಬಿಸಿಲಲ್ಲಿ ಅಲೆಸಿ, ಈಗ ಬಾಯಿ ಬಿಡ್ತಿದೀಯಾ?”

ಅಜ್ಜ ಅವಳತ್ತ ಒಂದು ಹೆಜ್ಜೆ ಇಟ್ಟ. ಅವನ ಮುಖ ಕಪ್ಪಿಟ್ಟಿತು. ಹೊಡೆದೇ ಬಿಡುತ್ತಾನೆ ಎಂದು ಸೌಮು ಕಣ್ಣು ಮುಚ್ಚಿಕೊಂಡಳು.

“ಎಷ್ಟು ಹೊತ್ತಿಗೆ?” ಅಜ್ಜನ ದನಿ ಗಡುಸಾಗಿತ್ತು.

“ಸಂಜೆ ಆಜಾನ್ ಆದಾಗ.”

“ಸಂಜೆ! ಆಗ ನೀರು ಇಳೀತಾ ಇತ್ತು.” ಅಜ್ಜ ಕೊಂಬೊನ ಕಡೆ ತಿರುಗಿದ. “ಕೇಳಿದೆಯೇನೋ? ನಾವು ಒಳಗೆ, ಹಿನ್ನೀರಲ್ಲಿ ಹುಡುಕಿದ್ವಿ. ಅದು ಹೊರಗೆ ಹೋಗಿದೆ, ಆಚೆ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡಗಳ ಕಡೆ. ನಡಿ, ದೋಣಿ ತೆಗಿ! ನೀನೂ ಹತ್ತೇ, ಕ್ಯಾಪ್ಟನ್ನಮ್ಮ!”

ಮೂವರೂ ಹೋದರು. ಬಹಳ ದೂರ ಹೋದ ಮೇಲೆ ಕಾಂಡ್ಲಾ ಬೇರುಗಳ ನಡುವೆ ದೋಣಿ ಕಾಣಿಸಿತು. ಒಂದು ಹಲಗೆ ಸೀಳಿತ್ತು. ಒಳಗೆ ಅರ್ಧದಷ್ಟು ಕೆಸರು ತುಂಬಿತ್ತು.

ಅಜ್ಜ ನೀರಿಗಿಳಿದು ದೋಣಿಯ ಮೂತಿಯನ್ನು ಸವರಿದ. “ದೇವರು ದೊಡ್ಡವನು,” ಎಂದು ಪಿಸುಗುಟ್ಟಿದ. ಆಮೇಲೆ ಸೌಮುವಿನ ಕಡೆ ತಿರುಗಿದ.

“ದೋಣಿ ಸಿಕ್ತು ಅಂತ ಹಲ್ಲು ಕಿರೀಬೇಡ. ನಿನ್ನ ಮೇಲೆ ನನಗಿನ್ನೂ ಕೆಟ್ಟ ಕೋಪ ಇದೆ.”

“ಗೊತ್ತು ಅಜ್ಜ.”

“ಹಲಗೆ ರಿಪೇರಿ ಆಗೋವರೆಗೂ ದಿನಾ ಸ್ಕೂಲಿಂದ ಸೀದಾ ದಡಕ್ಕೆ ಬರಬೇಕು.”

“ಬರ್ತೀನಿ ಅಜ್ಜ.”

ಅವಳು ದೋಣಿಯೊಳಗೆ ಇಳಿದು ಎರಡೂ ಕೈಗಳಿಂದ ಕೆಸರನ್ನು ಮೊಗೆದು ಹೊರಗೆ ಸುರಿಯತೊಡಗಿದಳು. ಅಜ್ಜ ಗೊಣಗುತ್ತಲೇ ಇದ್ದ: ಕೋತಿ, ಬುದ್ಧಿ ಇಲ್ಲದವಳು, ಇವಳ ಅಮ್ಮನಿಗೆ ಹೇಳ್ತೀನಿ ತಡಿ. ಸೌಮು ಎಲ್ಲವನ್ನೂ ಕೇಳಿಸಿಕೊಂಡಳು. ಈಗ ಅಜ್ಜ ತನ್ನನ್ನು ತಾನೇ ಬೈದುಕೊಳ್ಳುತ್ತಿರಲಿಲ್ಲ; ಬೈಯುತ್ತಿದ್ದದ್ದು ಅವಳನ್ನು ಮಾತ್ರ. ಅವಳು ಇನ್ನೊಂದು ಬೊಗಸೆ ಕೆಸರು ಮೊಗೆದಳು.