ಇದ್ದಲ್ಲೇ ಇದ್ದ ಪುಸ್ತಕದ ಕಳವು

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚನ್ನಗಿರಿ ಪೊಲೀಸ್ ಠಾಣೆಗೆ ಬಂದ ಕರಿಬಸಮ್ಮ, ತನ್ನ ಪುಸ್ತಕ ಕಳುವಾಗಿದೆ ಎಂದು ದೂರು ಹೇಳಿದಳು. ಹೇಳುವಾಗ ಪುಸ್ತಕ ಅವಳ ಕಂಕುಳಲ್ಲೇ ಇತ್ತು.

ಇನ್ಸ್‌ಪೆಕ್ಟರ್ ಕೆಂಚೇಶ್ ಬರೆಯಲು ತೆಗೆದ ಪೆನ್ನನ್ನು ಮತ್ತೆ ಮೇಜಿನ ಮೇಲಿಟ್ಟ.

"ಕಳುವಾದ ಪುಸ್ತಕ ಯಾವುದಮ್ಮ?"

"ಇದೇ, ಸಾಹೇಬ್ರೆ."

"ಇದು ಇಲ್ಲೇ ಐತಲ್ಲ."

"ಪುಸ್ತಕ ಐತೆ. ಒಳಗಿಂದು ಹೋಗೈತೆ."

ಹೆಡ್ ಕಾನ್‌ಸ್ಟೆಬಲ್ ಹನುಮಣ್ಣ ಪುಸ್ತಕ ಇಸಿದುಕೊಂಡು ಹಾಳೆ ಮಗುಚಿ ನೋಡಿದ. ಉದ್ದನೆಯ ರೂಲು ಪುಸ್ತಕ, ಬೆನ್ನಿಗೆ ದಾರದ ಹೊಲಿಗೆ, ಒಳಗೆ ಒತ್ತೊತ್ತಾದ ಬರಹ.

"ಒಳಗಿಂದೂ ಐತೆ ಸಾರ್," ಎಂದು ವರದಿ ಒಪ್ಪಿಸಿದ.

ಕರಿಬಸಮ್ಮನಿಗೆ ಅರವತ್ತೆರಡು ವರ್ಷ. ಮೂವತ್ತೊಂದು ವರ್ಷದಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳಲ್ಲಿ ಗಂಡು ಹೆಣ್ಣು ಕೂಡಿಸುವುದೇ ಅವಳ ಕಸುಬು. ಸಂತೇಬೆನ್ನೂರು ಸಂತೆಯಲ್ಲಿ ಅವಳು ತರಕಾರಿ ಕೊಳ್ಳುತ್ತಿದ್ದಾಳೆ ಎಂದು ನೋಡಿದವರು ತಿಳಿಯುತ್ತಿದ್ದರು. ಅವಳು ಮಾತ್ರ ತರಕಾರಿ ಕೊಳ್ಳುವವರ ಮಕ್ಕಳ ವಯಸ್ಸು ಕೇಳುತ್ತಿದ್ದಳು. ಕೇಳಿದ್ದೆಲ್ಲ ಈ ಪುಸ್ತಕಕ್ಕೆ ಬರುತ್ತಿತ್ತು: ಹೆಸರು, ಊರು, ನಕ್ಷತ್ರ, ಓದು, ಎತ್ತರ, ಫೋನ್ ನಂಬರು. ಒಟ್ಟು ನಾನೂರ ಹನ್ನೆರಡು ಮಂದಿ.

"ನಿನ್ನೆಯಿಂದ ನನ್ನ ಹೆಸರಲ್ಲಿ ಊರೂರಿಗೆ ಮೆಸೇಜು ಹೋಗ್ತಾ ಐತಂತೆ," ಎಂದಳು. "ನನ್ನದು ಗುಂಡಿ ಒತ್ತೋ ಫೋನು. ಬಂದ ಮೆಸೇಜು ತೆಗೆಯಾಕೇ ಬರಲ್ಲ, ಕಳಿಸಾಕೆ ಎಲ್ಲಿಂದ ಬರಬೇಕು? ಹೆಣ್ಣು ಹೆತ್ತೋರು ನನ್ನ ಕಿವ್ಯಾಗೆ ಹೇಳಿದ್ದು ಬೀದ್ಯಾಗೆ ಬಂತು ಅಂದ್ರೆ ನಾಳೆ ಯಾರು ಬಾಗಿಲು ತೆಗೀತಾರೆ? ಇವತ್ತೇ ಎರಡು ಮನೆಯೋರು ಬರಬ್ಯಾಡ ಅಂದ್ರು. ಮೂವತ್ತೊಂದು ವರ್ಷಕ್ಕೆ ಇದೇ ಮೊದಲು."

ಅವಳ ದನಿ ಅಲ್ಲಿ ಸ್ವಲ್ಪ ತಗ್ಗಿತು. ಕೆಂಚೇಶ್ ಪೆನ್ನು ಎತ್ತಿಕೊಂಡ.

ಯಾವ ಕಲಂ ಹಾಕುವುದು ಎಂಬುದರಲ್ಲೇ ಒಂದು ಗಂಟೆ ಹೋಯಿತು. ಕಳವು ಎನ್ನಬೇಕಾದರೆ ವಸ್ತು ಜಾಗ ಬಿಟ್ಟು ಕದಲಬೇಕು, ಇದು ಕದಲಿಲ್ಲ. ಐಟಿ ಕಾಯ್ದೆಯಲ್ಲಿ ನಕಲು ಮಾಡುವುದಕ್ಕೂ ಒಂದು ಕಲಂ ಇದೆ, ಆದರೆ ಅದು ಕಂಪ್ಯೂಟರಿನಿಂದ ನಕಲು ಮಾಡಿದರೆ ಮಾತ್ರ. "ದಾರದಲ್ಲಿ ಹೊಲಿದಿದ್ದನ್ನ ಕಂಪ್ಯೂಟರ್ ಅನ್ನಾಕೆ ಬರಲ್ಲ ಸಾರ್," ಎಂದ ಹನುಮಣ್ಣ. ಕೊನೆಗೆ, ಬೇರೊಬ್ಬರ ಹೆಸರಿನಲ್ಲಿ ಕಂಪ್ಯೂಟರ್ ಬಳಸಿ ವಂಚಿಸಿದ ಆರೋಪ, ಕಲಂ 66ಡಿ ಎಂದು ತೀರ್ಮಾನವಾಗಿ 11.45ಕ್ಕೆ ಎಫ್‌ಐಆರ್ ದಾಖಲಾಯಿತು.

ಮೆಸೇಜಿನ ಜೊತೆಗೆ ‘ಸಂಬಂಧ ಸೇತು’ ಎಂಬ ಆ್ಯಪಿನ ಕೊಂಡಿ ಇತ್ತು. ಮಹಿಳಾ ಕಾನ್‌ಸ್ಟೆಬಲ್ ನೇತ್ರಾವತಿ ಅದನ್ನು ಒಂದು ಫೋನಿಗೆ ಹಾಕಿ ನೋಡಬೇಕು ಎಂದಳು. ಹನುಮಣ್ಣ ಹೆಮ್ಮೆಯಿಂದ ತನ್ನ ಹೊಸ ಫೋನು ತೆಗೆದು, ಅವಳು ಕೈ ಚಾಚುವ ಮೊದಲೇ ಕೊಂಡಿ ಒತ್ತಿದ.

ಐದು ನಿಮಿಷದಲ್ಲಿ ಇನ್ಸ್‌ಪೆಕ್ಟರ್ ಫೋನು ಹೊಡೆದುಕೊಂಡಿತು. ಡಿವೈಎಸ್ಪಿ.

"ಕೆಂಚೇಶ್, ನಿಮ್ಮ ಹನುಮಣ್ಣ ನನಗೆ ಹೆಣ್ಣು ತೋರಿಸ್ತೀನಿ ಅಂತಿದಾನಲ್ಲ, ಏನಿದು?"

ನೇತ್ರಾವತಿ ಹನುಮಣ್ಣನ ಕೈಯಿಂದ ಫೋನು ಕಿತ್ತುಕೊಂಡಳು. ಅದರಲ್ಲಿದ್ದ ಮುನ್ನೂರ ಆರು ಸಂಪರ್ಕಗಳಿಗೂ, ಸರ್ಕಾರಿ ವಕೀಲರಿಂದ ಹಿಡಿದು ಇಬ್ಬರು ಹಳೆಯ ಆರೋಪಿಗಳವರೆಗೆ, ‘ಹನುಮಣ್ಣ ನಿಮ್ಮನ್ನು ಸಂಬಂಧ ಸೇತುವಿಗೆ ಆಹ್ವಾನಿಸಿದ್ದಾರೆ’ ಎಂದು ಹೋಗಿತ್ತು.

"ಸಂಪರ್ಕ ನೋಡಾಕೆ ಅನುಮತಿ ಕೊಡಿ ಅಂತ ಕೇಳ್ತಲ್ಲ ಅಣ್ಣ, ಯಾಕೆ ಒತ್ತಿದ್ರಿ?"

"ಅನುಮತಿ ಕೇಳ್ತು, ಕೊಟ್ಟೆ. ನಮ್ಮ ಠಾಣೆಗೆ ಬಂದೋರು ಯಾರು ಅಷ್ಟು ಮರ್ಯಾದೆಯಾಗೆ ಕೇಳ್ತಾರೆ?"

ನೇತ್ರಾವತಿ ಮೂರು ಚಹಾ ಲೋಟಗಳನ್ನು ಸಾಲಾಗಿಟ್ಟು ವಿವರಿಸಿದಳು. ಒಂದು ಲೋಟ, ಜನರ ಫೋನಿನಲ್ಲಿರುವ ಸಂಪರ್ಕಗಳು. ಎರಡನೆಯದು ಕರಿಬಸಮ್ಮನ ಪುಸ್ತಕ, ಅಂದರೆ ಈಗ ಯಾರೋ ಟೈಪ್ ಮಾಡಿಟ್ಟಿರುವ ಡೇಟಾಬೇಸು. ಮೂರನೆಯದು ತಾನಾಗಿಯೇ ಮೆಸೇಜು ಕಳಿಸುವ ಸೇವೆ. ಆ್ಯಪ್ ಎಂದರೆ ಈ ಮೂರಕ್ಕೂ ಹಾಕಿದ ಕೊಳವೆ. ಕೊಳವೆ ಹಾಕಿದವನಿಗೆ ಕೆಲಸ ಗೊತ್ತಿದೆ. ಮೆಸೇಜು ಸೇವೆಯವರಿಗೆ ಪತ್ರ ಬರೆದರೆ ಖಾತೆದಾರನ ವಿವರ ಬರಲು ಎರಡು ವಾರ ಬೇಕು. ಕರಿಬಸಮ್ಮನ ಹತ್ತಿರ ಎರಡು ವಾರ ಇರಲಿಲ್ಲ.

11ರ ಮಂಗಳವಾರ ಕೆಂಚೇಶ್ ಜೀಪು ಹತ್ತಿ ದಾವಣಗೆರೆ ದಾಟಿ ಜಗಳೂರಿಗೆ ಹೋದ. ಮೆಸೇಜು ಬಂದವರಲ್ಲಿ ಚಿಕ್ಕಹನುಮಂತಪ್ಪ ಎಂಬವನು ಪೊಲೀಸರಿಗೆ ಖುದ್ದು ಮೂರು ಸಲ ಫೋನು ಮಾಡಿದ್ದ. ಎಪ್ಪತ್ತೊಂದು ವರ್ಷದ ಅವನು ಜಗಲಿಯ ಮೇಲೆ ಕೂತು ಅಂಗಡಿಯ ಬನ್ನು ತಿನ್ನುತ್ತಿದ್ದ. ಹೆಂಡತಿ ಮೂಕಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಓದ್ರಿ ಸಾಹೇಬ್ರೆ, ಜೋರಾಗಿ ಓದ್ರಿ," ಎಂದು ಗಂಡನ ಫೋನನ್ನು ಕೆಂಚೇಶನ ಕೈಗಿಟ್ಟಳು.

ಕೆಂಚೇಶ್ ಓದಿದ: "ಮಾನ್ಯರೆ, ವರ ಶಾಂತ ಸ್ವಭಾವ, ದುಡಿಮೆಗಾರ. ಹೊಂದುವ ಮೂರು ವಧುಗಳು ದೊರೆತಿದ್ದಾರೆ. ಇಂತಿ, ಕರಿಬಸಮ್ಮ."

"ಶಾಂತ ಸ್ವಭಾವ ಅಂತೆ. ನಲವತ್ತೆಂಟು ವರ್ಷದಾಗೆ ನಾನೊಂದಿನ ಕಂಡಿಲ್ಲ. ಮೂರು ಜನ ಬೇಕಂತೆ ಇವರಿಗೆ. ಇದ್ದ ಒಬ್ಬಳಿಗೆ ಒಂದು ಕೊಡ ನೀರು ತಂದುಕೊಟ್ಟೋರಲ್ಲ."

"ನಾನು ಕೇಳೇ ಇಲ್ಲ ಕಣೇ," ಎಂದ ಚಿಕ್ಕಹನುಮಂತಪ್ಪ.

"ಕೇಳದೆ ಯಾರು ಕೊಡ್ತಾರೆ?"

"ನಿಮಗೆ ಮದುವೆಗಿರೋ ಮಕ್ಕಳು, ಮೊಮ್ಮಕ್ಕಳು?" ಎಂದು ಕೆಂಚೇಶ್ ಕೇಳಿದ.

"ಎಲ್ಲಾ ಮುಗಿದೈತೆ ಸ್ವಾಮಿ. ಕರಿಬಸಮ್ಮ ಅನ್ನೋರು ಯಾರಂತಾನೇ ಗೊತ್ತಿಲ್ಲ."

ವಾಪಸು ಬರುವಾಗ ಕೆಂಚೇಶ್ ಯೋಚಿಸುತ್ತಲೇ ಇದ್ದ. ಹೊನ್ನಾಳಿಯಲ್ಲಿ ಮೆಸೇಜು ಹೋಗಿದ್ದು ಒಬ್ಬ ಬಸ್ ಕಂಡಕ್ಟರನಿಗೆ, ಮದುವೆಯಾಗಿ ಹನ್ನೊಂದು ವರ್ಷ. ನ್ಯಾಮತಿಯಲ್ಲಿ ಒಂದು ಗೊಬ್ಬರದಂಗಡಿಗೆ. ಕರಿಬಸಮ್ಮನ ಪರಿಚಯವೇ ಇಲ್ಲದವರ ನಂಬರು ಅವಳ ಪುಸ್ತಕದಿಂದ ಹೋದದ್ದು ಹೇಗೆ?

ಬುಧವಾರ ಬೆಳಿಗ್ಗೆ ಅವಳನ್ನು ಕರೆಸಿ ಪುಸ್ತಕ ತೆಗೆಸಿದ. ಚಿಕ್ಕಹನುಮಂತಪ್ಪನ ನಂಬರು ಅದರಲ್ಲಿತ್ತು. ಆದರೆ ಅದು ಸಂತೇಬೆನ್ನೂರಿನ ಯಾವುದೋ ಹುಡುಗನ ಹೆಸರಿನ ಮುಂದಿತ್ತು.

"ಇದು ತಪ್ಪು ನಂಬರ್ ಅಮ್ಮ."

"ತಪ್ಪೇ."

"ಇದು?"

"ಅದೂ ತಪ್ಪೇ."

"ಮತ್ತೆ ನೀವು ಫೋನ್ ಮಾಡೋದು ಹೆಂಗೆ?"

ಕರಿಬಸಮ್ಮ ಹನುಮಣ್ಣನನ್ನೂ ನೇತ್ರಾವತಿಯನ್ನೂ ನೋಡಿ ಪುಸ್ತಕ ಮುಚ್ಚಿದಳು. ಹೇಳಲೇಬೇಕು ಎಂದು ಕೆಂಚೇಶ್ ಒತ್ತಾಯಿಸಿದ ಮೇಲೆ ದನಿ ತಗ್ಗಿಸಿದಳು.

"ಕೊನೇ ಎರಡು ಅಂಕಿ ತಿರುಗಿಸಿ ಬರೀತೀನಿ. ಓದೋವಾಗ ತಿರುಗಿಸಿ ಓದ್ತೀನಿ. ಹಿಂದೊಂದ್ಸಲ ಹೊನ್ನಾಳಿ ಬಸ್ಸಾಗೆ ನಿದ್ದೆ ಬಂದಿತ್ತು, ಪಕ್ಕದಾಗೆ ಕೂತಿದ್ದ ಇನ್ನೊಬ್ಬ ದಲ್ಲಾಳಿ ಇಣುಕಿ ನೋಡಿ ನಂದು ಎರಡು ಸಂಬಂಧ ಹಾರಿಸಿಬಿಟ್ಟ. ಅವತ್ತಿಂದ ಹಿಂಗೆ. ಈಗ ಕೈ ತಾನೇ ತಿರುಗಿಸ್ತೈತೆ."

ಕೆಂಚೇಶನಿಗೆ ತನಿಖೆಯಲ್ಲಿ ಮೊದಲ ಸಲ ನೆಲ ಸಿಕ್ಕಂತಾಯಿತು. ಕಳ್ಳ ಮನೆಮನೆ ಸುತ್ತಿ ವಿವರ ಸೇರಿಸಿಲ್ಲ, ಅವಳ ಬಾಯಿಂದ ಕೇಳಿಯೂ ಬರೆದಿಲ್ಲ. ಹಾಗೆ ಮಾಡಿದ್ದರೆ ನಂಬರು ಸರಿಯಿರುತ್ತಿತ್ತು. ಅವನು ಪುಸ್ತಕವನ್ನು ಕಣ್ಣಾರೆ ಕಂಡು ಅಕ್ಷರಕ್ಕೆ ಅಕ್ಷರ ಇಳಿಸಿದ್ದಾನೆ. ಕೊನೆಯ ಎರಡೂ ಅಂಕಿ ಒಂದೇ ಆಗಿದ್ದ ಕಡೆ, ಅಂದರೆ ಸುಮಾರು ಹತ್ತರಲ್ಲಿ ಒಂದು ಮೆಸೇಜು ಮಾತ್ರ ಸರಿಯಾದ ಮನೆ ಮುಟ್ಟಿದೆ.

"ಅಷ್ಟಕ್ಕೇ ಎರಡು ಮನೆ ಕಳಕೊಂಡೆ," ಎಂದಳು ಕರಿಬಸಮ್ಮ. "ತಿರುಗಿಸಿ ಬರೀದೆ ಇದ್ದಿದ್ರೆ?"

"ಪುಸ್ತಕ ಯಾರ ಕೈಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ಲ. ಮಲಗಿದ್ರೂ ದಿಂಬಿನ ಕೆಳಗೇ ಇರ್ತೈತೆ."

ನೇತ್ರಾವತಿ ಎರಡು ದಿನ ಕೂತು ಆ್ಯಪನ್ನೂ ಪುಸ್ತಕವನ್ನೂ ಸಾಲಿಗೆ ಸಾಲು ತಾಳೆ ನೋಡಿದಳು. ಗುರುವಾರ ಸಂಜೆ ಐದಕ್ಕೆ ಅವಳ ಟಿಪ್ಪಣಿ ಮೇಜಿಗೆ ಬಂತು. ಪುಸ್ತಕದಲ್ಲಿ 412, ಆ್ಯಪಿನಲ್ಲಿ 388. ಕೊನೆಯ ಇಪ್ಪತ್ನಾಲ್ಕು ಇಲ್ಲ. ಆ್ಯಪಿನಲ್ಲಿರುವ ಕೊನೆಯ ಹೆಸರು ಪುಸ್ತಕಕ್ಕೆ ಬಂದದ್ದು ಹೋದ ನವೆಂಬರ್ 16ಕ್ಕೆ. ಬಿಟ್ಟುಹೋದ ಮೊದಲ ಹೆಸರು ನವೆಂಬರ್ 21ರದ್ದು. ಕೆಳಗೆ ಒಂದು ಷರಾ: ಉಳಿದೆಲ್ಲವೂ ಯಥಾವತ್ತು, ಕ್ರಮಸಂಖ್ಯೆ 187ರಲ್ಲಿ ಮಾತ್ರ ಎತ್ತರ ಬೇರೆ. ಪುಸ್ತಕದಲ್ಲಿ 4-5, ಆ್ಯಪಿನಲ್ಲಿ 5-4.

"ಆ ಐದು ದಿನದಾಗೆ ಏನ್ ಮಾಡಿದ್ರಿ, ನೆನಪು ಮಾಡ್ಕೊಳ್ರಿ," ಎಂದ ಕೆಂಚೇಶ್.

ಕರಿಬಸಮ್ಮ ಬೆರಳು ಮಡಿಚುತ್ತ ಲೆಕ್ಕ ಹಾಕಿ, ಮೂರನೆಯ ಬೆರಳಿಗೆ ನಿಂತಳು.

"ಹೊಲಿಗೆ ಬಿಟ್ಟಿತ್ತು. ಹಾಳೆ ಉದುರಿ ಹೋದಾವು ಅಂತ ಬಸ್ ಸ್ಟ್ಯಾಂಡ್ ಎದುರಿನ ಅಂಗಡ್ಯಾಗೆ ಜೆರಾಕ್ಸ್ ಮಾಡಿಸ್ದೆ. ಆದ್ರೆ ಎದುರಿಗೇ ನಿಂತಿದ್ನಲ್ಲ ಸಾಹೇಬ್ರೆ."

ಹನುಮಣ್ಣ ನಿಟ್ಟುಸಿರು ಬಿಟ್ಟ. "ಎದುರಿಗೇ ನಿಂತು ನಾನೂ ಅನುಮತಿ ಕೊಟ್ಟೆ ತಾಯಿ."

14ರ ಶುಕ್ರವಾರ ಬೆಳಿಗ್ಗೆ 11.10ಕ್ಕೆ, ಪಕ್ಕದ ಬೇಕರಿಯವನನ್ನೂ ಚಪ್ಪಲಿ ಅಂಗಡಿಯವನನ್ನೂ ಪಂಚರಾಗಿ ಕರೆದುಕೊಂಡು ಅವರು ಜೆರಾಕ್ಸ್ ಅಂಗಡಿಗೆ ಹೋದರು. ಯಂತ್ರದ ಹಿಂದೆ ಒಬ್ಬ ಮೂವತ್ತಾರರ ಗಂಡಸು ಕೂತಿದ್ದ. ಗಿರಾಕಿಗಳಿಗೆ ಕಾಣುತ್ತಿದ್ದುದು ಅವನ ತಲೆ ಮತ್ತು ಎರಡು ಕೈ.

"ಹೋದ ನವೆಂಬರ್‌ನಾಗೆ ಒಂದು ಪುಸ್ತಕ ಜೆರಾಕ್ಸ್ ಮಾಡಿದ್ರಾ?"

"ದಿನಾ ಮಾಡ್ತೀವಿ ಸರ್."

"ದಾರದಲ್ಲಿ ಹೊಲಿದಿದ್ದು."

"ಕರಿಬಸಮ್ಮೋರದ್ದಾ? ನೆನಪಿಲ್ಲ."

"ಹೆಸರು ನಾವು ಹೇಳಲಿಲ್ಲ."

ಅವನು ಯಂತ್ರದ ಮುಚ್ಚಳ ಇಳಿಸಿದ. ಅದು ಮುಚ್ಚುವ ಸದ್ದು ಎಲ್ಲರಿಗೂ ಕೇಳಿತು.

"ನಿಮ್ಮ ಹೆಸರು?"

"ಸಿದ್ದಲಿಂಗೇಶ್. ಊರು ಉಬ್ರಾಣಿ."

ನೇತ್ರಾವತಿ ತನ್ನ ಟಿಪ್ಪಣಿಯ ಮೇಲೆ ಬೆರಳಿಟ್ಟು ಇನ್ಸ್‌ಪೆಕ್ಟರಿಗೆ ತೋರಿಸಿದಳು. ಕ್ರಮಸಂಖ್ಯೆ 187: ಸಿದ್ದಲಿಂಗೇಶ್, ಉಬ್ರಾಣಿ.

ಆಮೇಲೆ ಹೆಚ್ಚು ಕೇಳಬೇಕಾಗಲಿಲ್ಲ. ಯಂತ್ರದಲ್ಲಿ ಜೆರಾಕ್ಸ್ ಮಾಡಿದ ಪ್ರತಿ ಹಾಳೆಯ ಚಿತ್ರವೂ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಎರಡು ತಿಂಗಳು ಕೂತು ಟೈಪ್ ಮಾಡಿದ್ದ, ವಿಡಿಯೋ ನೋಡಿ ಆ್ಯಪ್ ಕಟ್ಟುವುದನ್ನು ಕಲಿತಿದ್ದ. ಪಂಚರ ಸಮಕ್ಷಮದಲ್ಲಿ ಕಂಪ್ಯೂಟರ್ ಜಪ್ತಿ ಮಾಡಿ ಪಂಚನಾಮೆ ಬರೆಯುವ ಮೊದಲು, ಕೆಂಚೇಶ್ ಅವನಿಂದ ಕೊನೆಯ ಒಂದು ಮೆಸೇಜು ಕಳಿಸಿಸಿದ. ಅದು ಹಿಂದೆ ಮೆಸೇಜು ಹೋಗಿದ್ದ ಎಲ್ಲ ನಂಬರುಗಳಿಗೂ, ಸರಿಯಾದವಕ್ಕೂ ತಪ್ಪಿದವಕ್ಕೂ, ಹೋಯಿತು: ‘ಹಿಂದಿನ ಮೆಸೇಜು ಕಳಿಸಿದ್ದು ನಾನು, ಸಿದ್ದಲಿಂಗೇಶ್. ಕರಿಬಸಮ್ಮನವರಿಗೆ ಇದರಲ್ಲಿ ಸಂಬಂಧವಿಲ್ಲ. ಕ್ಷಮಿಸಿ.’ ಕಾಲು ಗಂಟೆಯೊಳಗೆ ಜಗಳೂರಿನಿಂದ ಠಾಣೆಗೆ ಫೋನು ಬಂತು. ಮೂಕಮ್ಮ ಅನ್ನ ಬಡಿಸಿದ್ದಾಳೆ, ಆದರೆ ಶಾಂತ ಸ್ವಭಾವ ಎಂಬುದನ್ನೂ ವಾಪಸು ತೆಗೆದುಕೊಳ್ಳಬೇಕೆಂದು ಕೇಳುತ್ತಿದ್ದಾಳೆ ಎಂದು ಚಿಕ್ಕಹನುಮಂತಪ್ಪ ತಿಳಿಸಿದ.

ಮಧ್ಯಾಹ್ನ ಠಾಣೆಯಲ್ಲಿ ಕರಿಬಸಮ್ಮ ಬೈಯಲು ಸಿದ್ಧಳಾಗಿಯೇ ಬಂದಳು. ಬರಬೇಡ ಎಂದಿದ್ದ ಎರಡು ಮನೆಯವರಲ್ಲಿ ಒಬ್ಬರು ಆಗಲೇ ಫೋನು ಮಾಡಿ, ಭಾನುವಾರ ಊಟಕ್ಕೇ ಬಾ ಎಂದಿದ್ದರು. ಅದರಿಂದ ಅವಳ ಧೈರ್ಯವೂ ಸಿಟ್ಟೂ ಒಟ್ಟಿಗೆ ಮರಳಿದ್ದವು.

"ನನ್ನ ಹೆಸರೇ ಬೇಕಿತ್ತೇನಪ್ಪಾ ನಿನಗೆ?"

"ನನ್ನ ಹೆಸರಲ್ಲಿ ಕಳಿಸಿದ್ರೆ ಯಾರು ನಂಬ್ತಿದ್ರು ಅಮ್ಮ?" ಎಂದ ಸಿದ್ದಲಿಂಗೇಶ್. ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಯಾಕೆ ಮಾಡಿದ್ರಿ?" ಎಂದ ಕೆಂಚೇಶ್.

"ಜೆರಾಕ್ಸ್ ಮಾಡೋವಾಗ ಗಾಜಿನ ಮೇಲೆ ನನ್ನದೇ ಹಾಳೆ ಬಂತು ಸರ್. ಎತ್ತರ ನಾಲ್ಕಡಿ ಐದಂಗುಲ ಅಂತ ಬರ್ದಿತ್ತು. ನಮ್ಮ ಅತ್ತೆ ನನ್ನ ಹೆಸರು ಕೊಟ್ಟು ಏಳು ವರ್ಷ. ಒಂಬತ್ತು ಮನೆಯೋರು ನನ್ನ ನೋಡಾಕೂ ಬರದೆ ಜಾತಕ ಕೂಡಲಿಲ್ಲ ಅಂದಿದ್ರು."

"ಹೇಳಬಹುದಿತ್ತಲ್ಲ ಇವರಿಗೆ?"

"ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಾಗೆ ಬಸ್ಸು ಬಂತು, ಇವರು ಹತ್ತಿಬಿಟ್ರು. ಆಮೇಲೆ ಯೋಚನೆ ಮಾಡ್ದೆ. ಒಬ್ಬರ ಕಂಕುಳಾಗೆ ಇರೋ ಪುಸ್ತಕದಾಗೆ ತಪ್ಪಿದ್ರೆ ಯಾರಿಗೆ ಗೊತ್ತಾಗ್ತೈತೆ? ಫೋನಿನಾಗೆ ಇದ್ರೆ ಅವರವರದ್ದು ಅವರವರೇ ನೋಡಿ ಸರಿ ಮಾಡ್ಕೊಬಹುದು."

"ನಂಬರ್ ತಪ್ಪಿದ್ದು ಗೊತ್ತಾಗಲಿಲ್ವಾ?"

"ನಮ್ಮ ಅತ್ತೆ ನಂಬರ್ ಸರಿಯಾಗೇ ಇತ್ತಲ್ಲ ಸರ್."

ಕೆಂಚೇಶ್ ನೋಡಿದ. ಅತ್ತೆಯ ನಂಬರಿನ ಕೊನೆಯ ಎರಡೂ ಅಂಕಿ ನಾಲ್ಕು, ತಿರುಗಿಸಿದರೂ ಅದೇ. ಹತ್ತರಲ್ಲಿ ಒಂದು. ಅವನು ಪುಸ್ತಕವನ್ನು ಕರಿಬಸಮ್ಮನ ಕಡೆ ತಿರುಗಿಸಿದ.

"ಎತ್ತರಾನೂ ತಿರುಗಿಸಿ ಬರೀತೀರಾ ಅಮ್ಮ?"

"ಎತ್ತರ ಯಾಕೆ ತಿರುಗಿಸಾನ? ನಂಬರ್ ಮಾತ್ರ." ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳು ಓಡಿಸಿದಳು. ಬೆರಳು ನಂಬರಿನ ಹತ್ತಿರ ನಿಂತಿತು, ಎತ್ತರದ ಹತ್ತಿರ ಬಂತು, ಮತ್ತೆ ನಂಬರಿಗೆ ಹೋಯಿತು.

"ಅವತ್ತು ಇವನತ್ತೆ ಫೋನಾಗೆ ಹೇಳ್ತಿದ್ಲು, ಬರ್ಕೊಂಡೆ. ನಂಬರಿನಾಗೆ ತಿರುಗಿಸಾಕೆ ಕೈಗೆ ಏನೂ ಸಿಗಲಿಲ್ಲ. ಪಕ್ಕದಾಗೆ ಇದು ಸಿಕ್ತು." ಅವಳು ಕನ್ನಡಕ ತೆಗೆದಳು. "ಏಳು ವರ್ಷ ಇದನ್ನೇ ಓದಿ ಹೇಳಿದೀನಿ ಸಾಹೇಬ್ರೆ, ಒಂಬತ್ತು ಮನೆಗೂ. ಈ ಹುಡುಗ ನಿಂತಿದ್ದು ನಾನು ನೋಡೇ ಇಲ್ಲ."

ಬೈಯಲು ತಂದಿದ್ದ ಮಾತೆಲ್ಲ ಅವಳಲ್ಲೇ ಉಳಿಯಿತು.

ಸಂಜೆ 4.30ಕ್ಕೆ ಸಿದ್ದಲಿಂಗೇಶನನ್ನು ದಸ್ತಗಿರಿ ಮಾಡಲಾಯಿತು. ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ ಠಾಣೆಯಲ್ಲೇ ಬಿಡುವುದೆಂದಾಯಿತು. ಜಾಮೀನಿಗೆ ಯಾರು ಎಂದು ಕೇಳಿದಾಗ ದೂರುದಾರಳೇ ಮುಂದೆ ಬಂದಳು. ಅದಕ್ಕೆ ಅವಕಾಶವಿಲ್ಲ ಎಂದು ತಿಳಿಸಿ, ಉಬ್ರಾಣಿಯಿಂದ ಅತ್ತೆಯನ್ನು ಕರೆಸಲಾಯಿತು. ದೂರು ದೂರೇ, ವಾಪಸು ತೆಗೆಯೋದಿಲ್ಲ ಎಂದು ಕರಿಬಸಮ್ಮ ಖಂಡಿತವಾಗಿ ಹೇಳಿದಳು. ಹೇಳಿಯೂ ಹೋಗಲಿಲ್ಲ. ಪುಸ್ತಕ ಬಿಚ್ಚಿ, ಪೆನ್ನು ಹಿಡಿದು ಬೆಂಚಿನ ತುದಿಯಲ್ಲಿ ಕೂತಳು.

ಹನುಮಣ್ಣ ದಸ್ತಗಿರಿ ನಮೂನೆ ತುಂಬುತ್ತ ಬಂದ. ವಯಸ್ಸು, ಮೈಬಣ್ಣ, ಗುರುತಿನ ಮಚ್ಚೆ. ಮುಂದಿನ ಕಲಮಿಗೆ ಬಂದು ತಲೆ ಎತ್ತಿದ.

"ಎತ್ತರ ಎಷ್ಟಪ್ಪಾ?"

"ಕೇಳಬ್ಯಾಡ," ಎಂದ ಕೆಂಚೇಶ್. "ಅಳೆ."

ಸಿದ್ದಲಿಂಗೇಶ್ ಚಪ್ಪಲಿ ಬಿಟ್ಟು ಗೋಡೆಯ ಅಳತೆಪಟ್ಟಿಗೆ ಬೆನ್ನು ಹಚ್ಚಿ ನಿಂತ. ನೇತ್ರಾವತಿ ಅವನ ತಲೆಯ ಮೇಲೆ ಸ್ಕೇಲನ್ನು ಅಡ್ಡ ಹಿಡಿದಳು. ಹನುಮಣ್ಣ ಬಗ್ಗಿ ಎರಡು ಸಲ ಓದಿ, ಬೆಂಚಿನ ತುದಿಗೂ ಕೇಳುವಂತೆ ಹೇಳಿದ.

ಐದು ಅಡಿ ನಾಲ್ಕು ಅಂಗುಲ.