ಹದಿನಾಲ್ಕು ವರ್ಷ, ಮೂರು ತಿಂಗಳು, ಹನ್ನೊಂದು ದಿನ

"ನಾ ಕಳ್ಳಿ ಅಲ್ರಿ ಬಾಯಾರ," ಎಂದಳು ರೋಜಾ, ಅಂಗಳ ದಾಟುವ ಮೊದಲೇ. "ನಾ ಖರೇನ ಓಡಿ ಗೆದ್ದೀನ್ರಿ."

ಸುಮಿತ್ರವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಮೂವತ್ತೆರಡು ವರ್ಷ ಸರ್ಕಾರಿ ನರ್ಸಬಾಯಿಯಾಗಿದ್ದವರು. ನಾನು ಮರ್ದಾನಸಾಬ, ಅಷ್ಟೂ ವರ್ಷ ಅವರ ಆಸ್ಪತ್ರೆಯ ಜೀಪು ಓಡಿಸಿದವನು. ಈಗ ಇಬ್ಬರೂ ನಿವೃತ್ತರು. ಆದರೂ ನಮ್ಮೂರಲ್ಲಿ ಕೋಳಿ ಕಳೆದರೂ ಕೊರಳಿನ ಸರ ಕಳೆದರೂ ಜನ ಮೊದಲು ಬರುವುದು ಈ ಕಟ್ಟೆಗೇ. ತಲೆ ಅವರದು, ಹಳೇ ಓಮ್ನಿ ನನ್ನದು.

ರೋಜಾ ನಮ್ಮೂರ ಶಾಲೆಯ ಏಳನೆಯ ತರಗತಿಯ ಹುಡುಗಿ. ಹಿಂದಿನ ದಿನ, ನವೆಂಬರ್ ಇಪ್ಪತ್ತರಂದು, ಮಾಗಡಿ ಕೆರೆಯ ದಾರಿಯಲ್ಲಿ ನಡೆದ ಜಿಲ್ಲಾ ಮಟ್ಟದ ಗುಡ್ಡಗಾಡು ಓಟದಲ್ಲಿ, ಹದಿನಾಲ್ಕು ವರ್ಷದೊಳಗಿನ ಹುಡುಗಿಯರಲ್ಲಿ ಮೊದಲು ಬಂದಿದ್ದಳು. ಪದಕ ಕೊರಳಿಗೆ ಬಿದ್ದು ಅರ್ಧ ಗಂಟೆಯಾಗಿರಲಿಲ್ಲ, ಎಲ್ಲರೆದುರು ಅದನ್ನು ಬಿಚ್ಚಿಸಿಕೊಂಡಿದ್ದರು.

ಜೊತೆಗೆ ಬಂದಿದ್ದ ಹೆಡ್‌ಮಾಸ್ತರ ಹುಚ್ಚೀರಪ್ಪ ಒಂದು ಕಾಗದ ಮುಂದಿಟ್ಟರು. ಓಟದ ದಿನವೇ ಅಂಚೆಯಲ್ಲಿ ಕ್ರೀಡಾಧಿಕಾರಿಗಳ ಕೈ ಸೇರಿದ್ದ ಪತ್ರದ ಪ್ರತಿ. ಕೆಳಗೆ ಸಹಿ ಇರಲಿಲ್ಲ. "ರೋಜಾಳ ವಯಸ್ಸು 14 ವರ್ಷ 3 ತಿಂಗಳು 11 ದಿನ. ಅವಳ ಹೆಸರು ಪಟ್ಟಿಯಿಂದ ತೆಗೆಯಿರಿ." ಜೊತೆಗೆ ಒಂದು ತಾಯಿ ಕಾರ್ಡಿನ, ಅಂದರೆ ಕೂಸಿನ ತೂಕ, ಲಸಿಕೆ ಬರೆದಿಡುವ ಆಸ್ಪತ್ರೆಯ ಕಾರ್ಡಿನ, ಮೊದಲ ಪುಟದ ಝೆರಾಕ್ಸ್. ಮಗು ರೋಜಾ, ತಾಯಿ ಕರಿಯವ್ವ, ಹುಟ್ಟಿದ್ದು 20 ಸೆಪ್ಟೆಂಬರ್ 2010.

"ಶಾಲಿಯೊಳಗ ಏನೈತ್ರಿ?" ಎಂದರು ಸುಮಿತ್ರವ್ವ.

"2012, ಜೂನ್ ಒಂದು."

ಜೂನ್ ಒಂದು ನಮ್ಮ ಕಡೆ ಅರ್ಧ ಊರಿನ ಹುಟ್ಟಿದ ದಿನ. ತಾರೀಕು ನೆನಪಿಲ್ಲ ಎಂದವರಿಗೆಲ್ಲ ಮಾಸ್ತರರು ಅದನ್ನೇ ಬರೆದುಕೊಳ್ಳುತ್ತಾರೆ. ನನ್ನದೂ ಅದೇ. ಕಾರ್ಡಿನ ಮುಂದೆ ಅದು ನಿಲ್ಲುವುದಿಲ್ಲ.

"ಮೊದಲ ಆರು ಮಂದಿ ಪಟ್ಟಿ ಇಪ್ಪತ್ಮೂರಕ್ಕ ಸಂಜಿ ಐದಕ್ಕ ವಿಭಾಗ ಮಟ್ಟಕ್ಕ ಹೋಗತೈತ್ರಿ," ಎಂದರು ಹೆಡ್‌ಮಾಸ್ತರ. "ಅಷ್ಟರಾಗ ಸರಿಯಾದ ಪುರಾವೆ ಕೊಟ್ರ ಹುಡುಗಿ ಓಡತಾಳ. ಇಲ್ಲಂದ್ರ ಮುಗೀತು. ಇದು ಯಾರ ಕೆಲಸಾ ಅಂತ ಹುಡುಕ್ರಿ."

ಕಾರ್ಡು ಹೊರಗೆ ಬಂದದ್ದು ಹೇಗೆ ಎಂದು ರೋಜಾಳೇ ಹೇಳಿದಳು. ಆಟದ ಮಾಸ್ತರ ಅಂದಪ್ಪ ಎಲ್ಲರಿಗೂ ಹುಟ್ಟಿದ ಕಾಗದ ತರಲು ಹೇಳಿದ್ದ. ಅಪ್ಪ ಗೋವಾದಲ್ಲಿ ಗೌಂಡಿಯಾಗಿ ಮನೆ ಕಟ್ಟುವ ಕೆಲಸದಲ್ಲಿದ್ದ, ಅವ್ವ ಕರಿಯವ್ವ ಹತ್ತಿ ಬಿಡಿಸಲು ಹೋಗಿದ್ದಳು. ಇವಳೇ ಟ್ರಂಕು ತೆಗೆದು, ತನ್ನ ಹೆಸರು ಕಂಡ ಕಾರ್ಡನ್ನು ಒಯ್ದು ಮಾಸ್ತರರ ಕೋಣೆಯ ಮೇಜಿನ ಮೇಲೆ ಇಟ್ಟಿದ್ದಳು. ಮರುದಿನ ಅದು ತಿರುಗಿ ಬಂತು.

"ಅವ್ವನ್ನ ಕೇಳಬ್ಯಾಡ್ರಿ, ಬಾಯಾರ. ಆ ಟ್ರಂಕು ಮುಟ್ಟಿದ್ರ ಆಕಿ ಸುಮ್ಮನಿರಂಗಿಲ್ಲ."

ಸುಮಿತ್ರವ್ವ ಆಗಲಿ ಎಂದು ಮಾತು ಕೊಟ್ಟರು. ಆ ಮಾತು ಕೊಡಬಾರದಿತ್ತು.

ಅಂದಪ್ಪನ ಬಗ್ಗೆ ಹೇಳಬೇಕು. ಜುಲೈಯಿಂದ ಅವನು ಬೆಳಗಿನ ಆರಕ್ಕೇ ಬಯಲಿನಲ್ಲಿ ಇರುತ್ತಿದ್ದ. ಒಂದು ಕಡೆ ಹುಡುಗರ ಫುಟ್‌ಬಾಲ್ ತಂಡ, ಇನ್ನೊಂದು ಕಡೆ ಹುಡುಗಿಯರ ಓಟದ ತಂಡ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಬ್ಬೊಬ್ಬರೂ ಎರಡೆರಡು ಕಿಲೋ ಭಾರ ಹೊತ್ತು ಓಡುತ್ತಿದ್ದರು. ಆ ವರ್ಷ ಹುಡುಗರೂ ಜಿಲ್ಲೆ ಗೆದ್ದು ವಿಭಾಗ ಮಟ್ಟಕ್ಕೆ ಹೋಗಿದ್ದರು. ರೋಜಾಳೆಂದರೆ ಅವನಿಗೆ ಜೀವ. ಓಡಲು ಬರುತ್ತದೆ ಎಂದು ಅವಳಿಗೆ ತಿಳಿಸಿದವನೇ ಅವನು.

ನನಗೆ ಮಾತ್ರ ಕಳ್ಳ ಯಾರೆಂದು ಆಗಲೇ ಗೊತ್ತಿತ್ತು. ನಂದೀಶ, ಶಾಲಾ ಸಮಿತಿಯ ಅಧ್ಯಕ್ಷ, ಲಕ್ಷ್ಮೇಶ್ವರದಲ್ಲಿ ದೊಡ್ಡ ಕಿರಾಣಿ ಅಂಗಡಿ. ಅವನ ಮಗಳು ಸುಶ್ಮಿತಾ ಅದೇ ಓಟದಲ್ಲಿ ಏಳನೆಯವಳು. ರೋಜಾ ಹೋದರೆ ಅವಳು ಆರನೆಯವಳು. ಮಾಸ್ತರರ ಕೋಣೆಗೆ ಅವನು ದಿನ ಬಿಟ್ಟು ದಿನ ಬರುವವನು. ಇನ್ನೇನು ಬೇಕು?

"ಇನ್ನೊಬ್ಬರ ಜಾಗಾ ಕಸಗೊಂಡು ಓಡೂದು ನನ್ನ ಮಗಳಿಗೆ ಬ್ಯಾಡ," ಎಂದ ನಂದೀಶ, ಅಂದೇ ನಾವು ಅವನ ಅಂಗಡಿಗೆ ಹೋದಾಗ, ಗಲ್ಲಾಪೆಟ್ಟಿಗೆಯ ಹಿಂದಿನಿಂದ. "ಆದ್ರ ಓಟದ ದಿನಕ್ಕ ಆ ಹುಡುಗಿಗೆ ಹದಿನಾಕು ವರ್ಷ ಎರಡು ತಿಂಗಳು ಆಗಿತ್ತಲ್ಲಾ?"

"ಎರಡೋ, ಮೂರೋ?" ಎಂದರು ಸುಮಿತ್ರವ್ವ.

"ಸೆಪ್ಟೆಂಬರ್ ಇಪ್ಪತ್ತರಿಂದ ನವೆಂಬರ್ ಇಪ್ಪತ್ತು. ಎರಡ. ವ್ಯಾಪಾರಸ್ಥಗ ಲೆಕ್ಕಾ ಕಲಸ್ತೀರೇನ್ರಿ?"

ಸುಮಿತ್ರವ್ವ ಅಷ್ಟೇ ಸಾಕೆಂದು ಹೊರಟಿದ್ದರು. ನಾನು ಬಿಡಲಿಲ್ಲ. ಲಕ್ಷ್ಮೇಶ್ವರದ ಝೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿಸಿದೆ, ನಂದೀಶ ಬಂದಿದ್ದನೇ ಎಂದು ಕೇಳಿಸಿದೆ. ಹೊತ್ತು ಮುಳುಗಿತು, ಕೈಗೆ ಏನೂ ಬರಲಿಲ್ಲ.

ಮರುದಿನ ಶಿರಹಟ್ಟಿಗೆ ಹೋದೆವು. ಎರಡನೆಯ ಬಹುಮಾನದ ಹುಡುಗಿಯ ಮಾಸ್ತರ ಕಳಕೇಶ ನಮ್ಮನ್ನು ಕಂಡು ನಕ್ಕ.

"ನಾ ಆ ಕಾರ್ಡು ಕಣ್ಣೀಲೆ ಕಂಡಿಲ್ರಿ. ವಯಸ್ಸಿನ ತಕರಾರಿದ್ರ ನಾ ಎದುರಾ ಎದುರ ಹೇಳಾಂವ. ಆಟದಾಗ ವಯಸ್ಸು ಎಣಿಸೂದು ಡಿಸೆಂಬರ್ ಮೂವತ್ತೊಂದಕ್ಕ, ಅದು ಎಲ್ಲಾ ಆಟದ ಮಾಸ್ತರಗೋಳಿಗೂ ಗೊತ್ತೈತಿ. ನನಗ ಸೋಜಿಗ ಅಂದ್ರ ನಿಮ್ಮ ಅಂದಪ್ಪಂದು. ಫುಟ್‌ಬಾಲಿನಾಗ ಒಂದು ಥ್ರೋ ಸಲುವಾಗಿ ರೆಫರಿ ಕೂಡ ತಾಸುಗಟ್ಟಲೆ ಜಗಳಾಡಾಂವ, ಆ ಹುಡುಗಿ ಪದಕ ಬಿಚ್ಚುವಾಗ ತುಟಿ ಪಿಟಕ್ಕ ಅನಲಿಲ್ಲ."

ಅಂದು ಸಂಜೆ ರೋಜಾ ಮೂಲ ಕಾರ್ಡನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ತಂದಳು. ಮುಂಡರಗಿ ಕಡೆಯ ಒಂದು ಆರೋಗ್ಯ ಉಪಕೇಂದ್ರದ ಮೊಹರು. ಅವರ ಮನೆಯವರು ನಮ್ಮೂರಿಗೆ ಬಂದದ್ದು ಇವಳು ಮೂರು ವರ್ಷದವಳಿದ್ದಾಗ. ಸುಮಿತ್ರವ್ವ ಒಳಗಿನ ತೂಕದ ಪುಟ ತೆರೆದರು. ತಿಂಗಳಿಗೊಂದರಂತೆ ಒಂಬತ್ತು ಚುಕ್ಕೆ ಮೇಲೇರಿದ್ದವು, ಆಮೇಲೆ ಹಾಳೆ ಖಾಲಿ. ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುವ ದಡಾರದ ಲಸಿಕೆಯ ಜಾಗವೂ ಖಾಲಿ.

"ಮಂದಿ ಬರಬರತ ತೂಕಕ್ಕ ಹೋಗೂದು ಬಿಡತಾರ್ರಿ," ಎಂದೆ ನಾನು.

ಸುಮಿತ್ರವ್ವ ಕಾರ್ಡು ಮಡಚಿದರು. ಹುಡುಗಿಯ ತಲೆ ನೇವರಿಸಿ ಕಳಿಸಿದರು. ಆಮೇಲೆ, "ಮರ್ದಾನಸಾಬ್ರ, ಮುಂಜಾನೆ ಮುಂಡರಗಿಗೆ ಹೋಗೂಣು. ಜಲ್ದಿ," ಎಂದರು.

ಉಪಕೇಂದ್ರದ ಸಿಸ್ಟರ್ ಹಳ್ಳಿಗಳ ಕಡೆ ಹೋಗಿದ್ದಳು. ಬಂದದ್ದು ಮೂರೂವರೆಗೆ. ಹಳೆಯ ರಿಜಿಸ್ಟರ್ ಹುಡುಕಿ, ಬರೆಸಿ, ಸಹಿ ಹಾಕಿಸುವಷ್ಟರಲ್ಲಿ ನಾಲ್ಕೂವರೆ. ಕ್ರೀಡಾಧಿಕಾರಿಗಳ ಕಚೇರಿ ಇರುವ ಗದಗಕ್ಕೆ ನಾನು ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ತಲುಪಿದಾಗ ಐದೂ ನಲವತ್ತು. ಪಟ್ಟಿ ಹೋಗಿತ್ತು. ಇನ್ನು ಸೇರಿಸಲು ಬರುವುದಿಲ್ಲ ಎಂದರು.

ದಾರಿಯುದ್ದಕ್ಕೂ ಸುಮಿತ್ರವ್ವ ಒಂದೇ ಮಾತು ಹೇಳಿದರು. "ಬರದಾಂವನ್ನ ಹುಡುಕಾಕ ಎರಡು ದಿನಾ ಕಳದ್ನಿ. ಮೊದಲನೇ ದಿನಾನ ಹಡದಾಕೀನ ಕೇಳಬೇಕಿತ್ತು." ಆ ಎರಡು ದಿನಗಳಲ್ಲಿ ಒಂದು ನನ್ನ ಹಟಕ್ಕೆ ಹೋದದ್ದು. ಅವರು ಅದನ್ನು ಅನ್ನಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಇಪ್ಪತ್ನಾಲ್ಕರ ಬೆಳಗ್ಗೆ ಅವರು ಮೊದಲು ಕರಿಯವ್ವನ ಮನೆಗೆ ಒಬ್ಬರೇ ಹೋಗಿ ಬಂದರು. ಆಮೇಲೆ ಶಾಲೆಯಲ್ಲಿ ಎಲ್ಲರೂ ಸೇರಿದೆವು. ಹೆಡ್‌ಮಾಸ್ತರ, ನಂದೀಶ, ಅಂದಪ್ಪ, ರೋಜಾ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತ ಕರಿಯವ್ವ.

"ಪತ್ರದಾಗ ಮೂರು ತಿಂಗಳು ಹನ್ನೊಂದು ದಿನಾ ಅಂತ ಐತಿ," ಎಂದು ಸುಮಿತ್ರವ್ವ ಶುರು ಮಾಡಿದರು. "ನಂದೀಶ ಎಣಿಸಿದ್ದು ಓಟದ ದಿನಕ್ಕ. ಹೊರಗಿನ ಮಂದಿ ಎಲ್ಲಾರೂ ಹಂಗ ಎಣಸ್ತಾರ. ಬರದಾಂವ ಎಣಿಸಿದ್ದು ಡಿಸೆಂಬರ್ ಮೂವತ್ತೊಂದಕ್ಕ. ಅಂದ್ರ ಅಂವ ಆಟದ ಮಾಸ್ತರ. ಕಳಕೇಶನೂ ಆಟದ ಮಾಸ್ತರನ, ಆದ್ರ ಕಾರ್ಡು ಅವನ ಕೈಗೆ ಸಿಗೂದಿಲ್ಲ. ನಂದೀಶಗ ಕಾರ್ಡು ಸಿಗತಿತ್ತು, ಲೆಕ್ಕ ಗೊತ್ತಿದ್ದಿಲ್ಲ. ಎರಡೂ ಇದ್ದಾಂವ ಒಬ್ಬನ. ಅಂವ ಆ ದಿನಾ ಜಗಳಾಡಲಿಲ್ಲ. ಯಾಕಂದ್ರ ಪತ್ರ ಅವನದ."

ಅಂದಪ್ಪ ಎದ್ದು ನಿಂತ. ಸುಳ್ಳು ಹೇಳಲಿಲ್ಲ.

"ಹೌದ್ರಿ. ಕಾರ್ಡು ನೋಡಿ ಎದಿ ಒಡೀತ್ರಿ. ಮುಂದ ಯಾವಾಗರ ಸಿಕ್ಕಬಿದ್ರ ಫುಟ್‌ಬಾಲ್ ಹುಡುಗರನ್ನೂ ಸೇರಿಸಿ ಇಡೀ ಶಾಲಿನ ಹೊರಗ ಹಾಕತಿದ್ರು. ಆಕಿ ಮಾರಿ ನೋಡಿ 'ನೀ ಓಡಬ್ಯಾಡ' ಅನ್ನಾಕ ನನ್ನ ಕೈಲೆ ಆಗಲಿಲ್ಲ. ನಾಕು ದಿನಾ ಮೊದಲ ಅಂಚಿಗೆ ಹಾಕಿದ್ನಿ. ಓಟದ ಮುಂಚೇನ ಹೆಸರು ತಗೀತಾರ ಅನ್ಕೊಂಡಿದ್ನಿ. ಗೆದ್ದ ಮ್ಯಾಲ ಹಿಂಗಾಗತೈತಿ ಅಂತ..."

"ಅಂದಪ್ಪ, ಆ ಕಾರ್ಡು ಈಕೀದಲ್ಲ," ಎಂದರು ಸುಮಿತ್ರವ್ವ, ಮೆಲ್ಲಗೆ.

ಅವನಿಗೆ ಅರ್ಥವಾಗಲಿಲ್ಲ. ಯಾರಿಗೂ ಆಗಲಿಲ್ಲ.

"ಒಂಬತ್ತು ತಿಂಗಳ ತನಕ ಒಂದು ತಿಂಗಳೂ ತಪ್ಪಿಸದಂಗ ಕೂಸಿನ ತೂಕ ಮಾಡಿಸಿದ ತಾಯಿ, ಒಮ್ಮಿಂದೊಮ್ಮೆಲೆ ಬಿಡಂಗಿಲ್ಲ. ದಡಾರದ ಸೂಜಿನೂ ಇಲ್ಲ. ಇಂಥಾ ಕಾರ್ಡು ನಾ ನೌಕರಿಯೊಳಗ ಭಾಳ ನೋಡೀನಿ. ರಿಜಿಸ್ಟರಿನಾಗ ಕರಿಯವ್ವಂದು ಎರಡು ಹೆರಿಗಿ ಅದಾವ. ಎರಡನೇದು 2012, ಆಗಸ್ಟ್. ಈ ಹುಡುಗಿಗೆ ಈಗ ಹನ್ನೆರಡು ವರ್ಷ."

ಕರಿಯವ್ವ ನೆಲ ನೋಡುತ್ತಲೇ ಮಾತಾಡಿದಳು.

"ಚೊಚ್ಚಲದ ಕೂಸು, ತವರಾಗ ಹಡದಿದ್ನಿ. ಮೂರು ದಿನದ ಜ್ವರಕ್ಕ ಹೋತ್ರಿ. ಮತ್ತೊಂದು ಹೆಣ್ಣ ಹುಟ್ಟಿದಾಗ ಅದ ಹೆಸರಿಟ್ನಿ. ಹೆಸರರ ಉಳೀಲಿ ಅಂತ. ಈಕೀ ಕಾರ್ಡು ಊರೂರು ತಿರಗೂದರಾಗ ಎಲ್ಲೋ ಕಳೀತು. ಇದೊಂದನ್ನ ಕಳಕೊಂಡಿದ್ದಿಲ್ಲ. ಆಕೀದಂತ ನನ್ನ ಕಡೆ ಇದ್ದದ್ದು ಇದೊಂದ."

ಅಂದಪ್ಪ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದ. "ಒಂದು ಮಾತು ಕೇಳಬೇಕಿತ್ರಿ. ಒಂದ ಮಾತು," ಎಂದು ಹೇಳುತ್ತಲೇ ಇದ್ದ. ಅವನನ್ನು ಬಯ್ಯಬೇಕೆಂದು ಬಂದಿದ್ದೆ, ಆಗಲಿಲ್ಲ. ಕೆಟ್ಟವನೊಬ್ಬ ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು! ನಂದೀಶ ತಲೆ ತಗ್ಗಿಸಿ ಕುಳಿತಿದ್ದ. ಪದಕವನ್ನು ಮರಳಿ ಕೊಡಿಸುವುದಾಗಿ ಹೆಡ್‌ಮಾಸ್ತರರು ಏನೇನೋ ಹೇಳುತ್ತಿದ್ದರು. ರೋಜಾ ಕೇಳಿಸಿಕೊಳ್ಳಲಿಲ್ಲ. ಅವಳು ಹೋಗಿ ಅವ್ವನ ಪಕ್ಕದಲ್ಲಿ ಕುಳಿತಳು.

"ಅವ್ವಾ, ಆಕಿ ನಡೀತಿದ್ಲೇನು?"

"ಇಲ್ಲವಾ," ಎಂದಳು ಕರಿಯವ್ವ. "ಗ್ವಾಡಿ ಹಿಡಕೊಂಡು ನಿಂದರತಿದ್ಲು. ಕೈ ಬಿಟ್ಟಿದ್ದಿಲ್ಲ."