ಖಾಲಿ ಗೂಡಿನ ಮತ

ಖಾಲಿ ಗೂಡಿಗೆ ವಿಭೂತಿ ಹಚ್ಚಬೇಕೋ ಬೇಡವೋ ಎಂಬ ಘನವಾದ ಪ್ರಶ್ನೆ ೧೯೮೭ರ ಆಯುಧಪೂಜೆಯಂದು ಸಿರುಗುಪ್ಪದ ನಮ್ಮ ತೌಡೆಣ್ಣೆ ಕಾರ್ಖಾನೆಯ ಮುಂದೆ ಬಂತು. ಬಾಯ್ಲರುಗಳ ಉಗಿ ನೋಡಿಕೊಳ್ಳಲು ಮೂರು ಕಂಪ್ಯೂಟರ್‌ಗಳಿದ್ದವು. ಒಂದು ಕೆಟ್ಟರೂ ಕೆಲಸ ಕೆಡಬಾರದೆಂದು ಮೂರೂ ಮತ ಹಾಕುತ್ತಿದ್ದವು. ಎರಡು ಒಪ್ಪಿದ್ದೇ ನಡೆಯುತ್ತಿತ್ತು. ಮೂರನೆಯದು ರಿಪೇರಿಗೆಂದು ಬೆಂಗಳೂರಿಗೆ ಹೋಗಿತ್ತು.

"ಊರಿಗೆ ಹೋದೋರ ಪಾಲು ಎತ್ತಿಡಂಗಿಲ್ಲೇನ್ರಿ?" ಎಂದು ಆಪರೇಟರ್ ಮರಿಬಸಪ್ಪ ಅದರ ಖಾಲಿ ಗೂಡಿಗೂ ಮೂರು ಬೆರಳು ಎಳೆದ. ಎರಡು ಪಾಳಿ ಒಟ್ಟಿಗೆ ದುಡಿದಿದ್ದ ನನಗೆ ವಾದಿಸುವ ತ್ರಾಣವಿರಲಿಲ್ಲ.

ಮರುದಿನ ಮಧ್ಯಾಹ್ನ ಫಿಟ್ಟರ್ ಗಾದೆಪ್ಪ ಬೆಂಕಿ ಆರಿಸಿದ ಬಾಯ್ಲರಿನೊಳಗೆ ಕೂತು ಕಿಟ್ಟ ಕೆರೆಯುತ್ತಿದ್ದ. ಒಂದನೇ ಕಂಪ್ಯೂಟರ್ ಕೆಟ್ಟು, ಪಕ್ಕದ ಬಾಯ್ಲರಿನ ಉಗಿಯನ್ನು ಆ ಬಾಯ್ಲರಿನೊಳಗೆ ಬಿಡು ಎಂದಿತು. ಎರಡನೆಯದು ಬೇಡವೆಂದಿತು. ಎರಡೇ ಇದ್ದು ಜಗಳವಾದರೆ ಒಂದನೆಯದರ ಮಾತೇ ನಡೆಯಲಿ ಎಂದು ಏರ್ಪಾಡು ಮಾಡಿದವರು ನಾವೇ. ಕೈಯಿಂದ ಮುಚ್ಚುವ ವಾಲ್ವು ಅಂಗಳದ ಆಚೆ ಇತ್ತು. ಓಡಿದರೂ ಗಾದೆಪ್ಪ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಖಾಲಿ ಗೂಡಿನಿಂದ ಫ್ಯಾನು ತಿರುಗುವ ಸದ್ದು ಬಂತು. ಕಾದ ವಿಭೂತಿಯ ವಾಸನೆ ಹಬ್ಬಿತು. ಮತ ತೋರಿಸುವ ಫಲಕದಲ್ಲಿ ಮೂರನೇ ಕಂಪ್ಯೂಟರಿನ ದೀಪ ಹತ್ತಿತು: ಬೇಡ. ಉಗಿ ಹರಿಯಲಿಲ್ಲ.

"ಗಾದೆಪ್ಪಾ, ಹೊರಗ ಬಾರಲೇ" ಎಂದು ಬಾಯ್ಲರಿನ ಬಳಿ ಓಡಿ ಕೂಗಿದೆ.

"ಬೀಡಿ ಸೇದಾಕ ಒಂದು ಜಾಗ ಸಿಕ್ಕಿತ್ತು, ಅದಕ್ಕೂ ಕಣ್ಣು ಹಾಕಿದ್ರಿ" ಎಂದು ಗೊಣಗುತ್ತ ತೆವಳಿ ಬಂದ.

ವಾಪಸು ಬಂದು ಗೂಡಿನೊಳಗೆ ಕೈ ಹಾಕಿದೆ. ತುದಿಗೆ ಟೇಪು ಸುತ್ತಿದ ವೈರುಗಳು, ಬೆಚ್ಚಗಿನ ತಗಡು.

"ಮುಟ್ಟಬ್ಯಾಡ್ರಿ, ಕೆಲಸದಾಗೈತಿ" ಎಂದ ಮರಿಬಸಪ್ಪ, ಚಹಾ ಆರಿಸಿಕೊಳ್ಳುತ್ತ.

ಗಾದೆಪ್ಪ ಸಂಜೆ ಎಂದಿನ ಬಸ್ಸಿಗೆ ಕುರುಗೋಡಿಗೆ ಹೋದ. ಮೂರನೇ ಕಂಪ್ಯೂಟರ್ ರಿಪೇರಿಯಾಗಿ ಬಂದದ್ದು ಯುಗಾದಿ ಕಳೆದ ಮೇಲೆ.